ಆಟಕ್ಕುಂಟು, ಲೆಕ್ಕಕ್ಕಿಲ್ಲ

ಜನವರಿಯಲ್ಲಿ ಮೆಲ್ಬರ್ನ್‌ಗೆ ಹೋದವರಿಗೆ ನೋಡಲು ಆಟಗಳಿಗೇನೂ ಬರವಿಲ್ಲ. ಟೆನಿಸ್ ಅಂಗಣದ ಸುತ್ತ ಜಗತ್ತೇ ನೆರೆದಿರುತ್ತದೆ. ಸಂಜೆಯಾದರೆ ಬಿಗ್ ಬ್ಯಾಷ್ ಕ್ರಿಕೆಟ್. 2025ರ ಜನವರಿಯಲ್ಲಂತೂ ಅಲ್ಲಿನ ಭಾರತೀಯರು ಇಬ್ಬರು ಸೇರಿದರೆ ಸಾಕು, ಬಾಕ್ಸಿಂಗ್ ಡೇ ಟೆಸ್ಟನ್ನು 184 ರನ್‌ಗಳಿಂದ ಸೋತ ಸಂಕಟವನ್ನೇ ಮೆಲುಕು ಹಾಕುತ್ತಿದ್ದರು. ನಾನು ಮಾತ್ರ ಬೆಳಗಿನ ರೈಲು ಹಿಡಿದು ಫುಟ್‌ಸ್ಕ್ರೇ ಎಂಬ ಹಳೆಯ ಕಾರ್ಮಿಕರ ಬಡಾವಣೆಗೆ ಹೊರಡುತ್ತಿದ್ದೆ. ಅಲ್ಲಿ ನಡೆಯುತ್ತಿದ್ದುದು ಪಂದ್ಯವಲ್ಲ, ತಾಲೀಮು. ಟಿಕೆಟ್ಟಿಲ್ಲ, ಅಂಕಪಟ್ಟಿಯಿಲ್ಲ, ಕೊನೆಗೆ ಗೆದ್ದವರೂ ಸೋತವರೂ ಇಲ್ಲ. ಗ್ರೇಟ್ ಓಷನ್ ರೋಡಿನ ಬಂಡೆಗಳನ್ನೂ ನೋಡಿದೆ, ಫಿಲಿಪ್ ದ್ವೀಪದ ಪೆಂಗ್ವಿನ್‌ಗಳನ್ನೂ ನೋಡಿದೆ. ಊರಿಗೆ ಮರಳಿ ತಿಂಗಳುಗಳಾದ ಮೇಲೆ ಅವೆಲ್ಲ ಫೋನಿನೊಳಗಿನ ಫೋಟೋಗಳಾಗಿ ಉಳಿದಿವೆ. ಬಿಡದೆ ಕಾಡುತ್ತಿರುವುದು ಆ ಮೈದಾನದ ಬೇಲಿಗೊರಗಿ ಕಳೆದ ಬೆಳಗುಗಳು.

ತಂಗಿಯ ಮನೆ ಮೆಲ್ಬರ್ನಿನ ಪಶ್ಚಿಮದ ಅಂಚಿನಲ್ಲಿ, ವೆರಿಬಿಯಲ್ಲಿ. ಅವಳ ಮಗ ಅಲ್ಲೇ ಹುಟ್ಟಿ ಬೆಳೆದವನು. ಸೋದರಮಾವನಾದವನು ಅಳಿಯನಿಗೆ ಆಟದ ಹುಚ್ಚು ಹಿಡಿಸುವುದು ಲೋಕರೂಢಿ. ನಮ್ಮಲ್ಲಿ ಅದು ಉಲ್ಟಾ ಆಯಿತು. ಅಲ್ಲಿನ ಶನಿವಾರ ಮಧ್ಯಾಹ್ನದ ಆಟ ನಮ್ಮಲ್ಲಿ ತಿಂಡಿಯ ಹೊತ್ತಿಗೆ ಶುರುವಾಗುತ್ತದೆ. ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ ಕೂತು, ಒಂದು ಕಿವಿಯಲ್ಲಿ ಅವನ ವೀಕ್ಷಕ ವಿವರಣೆ ಕೇಳುತ್ತ, ಅಂಗೈಯಗಲದ ಪರದೆಯ ಮೇಲೆ ವೆಸ್ಟರ್ನ್ ಬುಲ್‌ಡಾಗ್ಸ್ ಆಡುವುದನ್ನು ನೋಡುವುದು ಕೆಲವು ವರ್ಷಗಳಿಂದ ನನಗೆ ಚಟವೇ ಆಗಿಬಿಟ್ಟಿದೆ. ಅವನ ತಂಡ ಅದು, ಆದ್ದರಿಂದ ನನ್ನದೂ ಅದೇ. ಆಟದ ಕಾಲ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ. ನನಗೆ ರಜೆ ಸಿಕ್ಕಿದ್ದು ಜನವರಿಯಲ್ಲಿ. "ಪರವಾಗಿಲ್ಲ ಮಾವ, ಪ್ರೀಸೀಸನ್ ಇದೆಯಲ್ಲ, ಅದೇ ಒಳ್ಳೇದು" ಎಂದ ಹುಡುಗ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ.

ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಈ ಆಟ ಕಂಡಿರದವರಿಗೆ ಇಷ್ಟು ಸಾಕು. ಹದಿನೆಂಟು ಹದಿನೆಂಟು ಜನರ ಎರಡು ತಂಡ. ಮೈದಾನ ಕ್ರಿಕೆಟ್ಟಿನದೇ, ಮೊಟ್ಟೆಯಾಕಾರದ್ದು. ಚೆಂಡೂ ಅದೇ ಆಕಾರದ್ದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದು ದಾಟಿಸಿದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಹಿಡಿದುಕೊಂಡು ಓಡಿದರೆ 15 ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು. ಒದ್ದ ಚೆಂಡು ಅಷ್ಟು ದೂರ ಬಂದಿದ್ದು, ಅದನ್ನು ಗಾಳಿಯಲ್ಲೇ ಹಿಡಿದರೆ ಅದಕ್ಕೆ ಮಾರ್ಕ್ ಎನ್ನುತ್ತಾರೆ. ಹಿಡಿದವನು ಯಾರ ಕಾಟವೂ ಇಲ್ಲದೆ ಒದೆಯಬಹುದು. ಆ ಹಿಡಿತಕ್ಕಾಗಿ ಎದುರಾಳಿಯ ಬೆನ್ನೇರಿ ಹಾರುವುದಕ್ಕೂ ಅಡ್ಡಿಯಿಲ್ಲ. ಮೊದಲ ಸಲ ನೋಡಿದವರಿಗೆ ಇದು ಆಟವೋ ಜಗಳವೋ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ.

ವೆರಿಬಿಯಿಂದ ಹೊರಟ ರೈಲು ಒಣಹುಲ್ಲಿನ ಬಯಲಲ್ಲಿ ಓಡುತ್ತದೆ. ಬೆನ್ನ ಹಿಂದೆ ದೂರದಲ್ಲಿ ಯೂ ಯಾಂಗ್ಸ್ ಎಂಬ ಕಲ್ಲುಗುಡ್ಡಗಳು. ಉಳಿದಂತೆ ಕಣ್ಣು ಹಾಯಿಸಿದಷ್ಟೂ ಚಪ್ಪಟೆ ನೆಲ, ಅದರ ಮೇಲೆ ಹೊಸದಾಗಿ ಎದ್ದ ಒಂದೇ ಅಚ್ಚಿನ ಮನೆಗಳು. ಘಟ್ಟದ ಬುಡದಲ್ಲಿ ಬೆಳೆದ ನನ್ನಂಥವನಿಗೆ ಅಷ್ಟು ಆಕಾಶ ಒಗ್ಗುವುದಿಲ್ಲ, ಒರಗಲು ಗೋಡೆಯೇ ಇಲ್ಲದಂತೆ ಅನಿಸುತ್ತದೆ. ನಗರ ಹತ್ತಿರವಾದ ಹಾಗೆ ಗೋದಾಮುಗಳು, ಹಳೆಯ ಇಟ್ಟಿಗೆ ಕಟ್ಟಡಗಳು. ಫುಟ್‌ಸ್ಕ್ರೇಯಲ್ಲಿ ಒಂದು ಕಾಲಕ್ಕೆ ಹಗ್ಗದ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ, ನದಿಯ ದಂಡೆಗೆ ಚರ್ಮ ಹದ ಮಾಡುವ ಕೆಲಸ ಎಲ್ಲ ಇದ್ದವು. ಯುದ್ಧದ ನಂತರ ಗ್ರೀಕರು, ಇಟಲಿಯವರು ಬಂದರು. ಎಪ್ಪತ್ತರ ದಶಕದ ಕೊನೆಯಿಂದ ವಿಯೆಟ್ನಾಮಿನವರು, ಆಮೇಲೆ ಇಥಿಯೋಪಿಯಾದವರು. ಈಗ ಬಾರ್ಕ್ಲಿ ಸ್ಟ್ರೀಟಿನಲ್ಲಿ ಪಶ್ಚಿಮಕ್ಕೆ ನಡೆಯುತ್ತ ಹೋದರೆ ಭಾರತೀಯ ಹೋಟೆಲುಗಳು, ದಿನಸಿ ಅಂಗಡಿಗಳು ಸಾಲುಗಟ್ಟಿವೆ. ಅದೇ ರಸ್ತೆಯಲ್ಲಿ ಬುಲ್‌ಡಾಗ್ಸ್‌ನ ಮನೆ, ವಿಟನ್ ಓವಲ್.

ದೊಡ್ಡ ಪಂದ್ಯಗಳು ಇಲ್ಲಿ ನಡೆಯುವುದು 1997ಕ್ಕೇ ನಿಂತಿತು. ತಂಡ ಈಗ ನಗರದ ನಡುವಿನ ಮುಚ್ಚುಮಾಡಿನ ಕ್ರೀಡಾಂಗಣದಲ್ಲಿ ಆಡುತ್ತದೆ. ಆದರೂ ಕಚೇರಿ, ವ್ಯಾಯಾಮಶಾಲೆ, ತಾಲೀಮು ಎಲ್ಲ ಇಲ್ಲೇ. ಬಾಗಿಲಲ್ಲೇ ತಂಡದ ಹಳೆಯ ಆಟಗಾರ ಟೆಡ್ ವಿಟನ್‌ನ ಕಂಚಿನ ಪ್ರತಿಮೆ. ಊರವರು ಅವನನ್ನು ಮಿಸ್ಟರ್ ಫುಟ್‌ಬಾಲ್ ಎಂದೇ ಕರೆಯುತ್ತಿದ್ದರು. 1995ರಲ್ಲಿ ಕ್ಯಾನ್ಸರಿನಿಂದ ಕಣ್ಣು ಕಾಣದಾಗಿದ್ದ ಅವನನ್ನು ಕಾರಿನಲ್ಲಿ ಕೂರಿಸಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಒಂದು ಸುತ್ತು ಹಾಕಿಸಿದಾಗ ಇಡೀ ಕ್ರೀಡಾಂಗಣ ಅತ್ತಿತ್ತಂತೆ. ಅದಾಗಿ ಎರಡೇ ತಿಂಗಳಲ್ಲಿ ತೀರಿಕೊಂಡ. ಅಳಿಯ ಆ ಪ್ರತಿಮೆಯ ಪಕ್ಕ ಹಾದುಹೋಗುವಾಗ ಅದರ ಬೂಟನ್ನು ಮುಟ್ಟಿದ. ಯಾರು ಹೇಳಿಕೊಟ್ಟದ್ದು ಎಂದು ನಾನು ಕೇಳಲಿಲ್ಲ.

ಬೇಲಿಯ ಬಳಿ ಆಗಲೇ ಮೂವತ್ತು ನಲವತ್ತು ಜನ. ಹೆಚ್ಚಿನವರು ವಯಸ್ಸಾದವರು, ಮಿಕ್ಕವರು ರಜೆಯ ಮಕ್ಕಳು. ಮಡಚುವ ಕುರ್ಚಿ, ಥರ್ಮಾಸ್, ಅಗಲ ಅಂಚಿನ ಟೋಪಿ, ಮೂಗಿನ ಮೇಲೆ ಬಿಳಿ ಜಿಂಕ್ ಲೇಪ. ಇಬ್ಬರ ಕೈಯಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮೆರಾ. ಅವರು ಪತ್ರಿಕೆಯವರಲ್ಲ, ಬರೀ ಅಭಿಮಾನಿಗಳು. ಒಬ್ಬಾಕೆ ಪುಟ್ಟ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದಳು: ಯಾರು ಪೂರ್ತಿ ತಾಲೀಮಿನಲ್ಲಿದ್ದಾರೆ, ಯಾರು ಆಚೆ ಬದಿಯಲ್ಲಿ ಒಂಟಿಯಾಗಿ ಓಡುತ್ತಿದ್ದಾರೆ, ಯಾರ ತೊಡೆಗೆ ಪಟ್ಟಿ ಸುತ್ತಿದೆ. ಆ ಆಚೆ ಬದಿಯೇ ಎಲ್ಲರ ಕಣ್ಣಿನ ಗುರಿ. ಗಾಯದಿಂದ ಚೇತರಿಸಿಕೊಳ್ಳುತ್ತಿರುವವರನ್ನು ಅಲ್ಲಿ ಬೇರೆಯಾಗಿ ಓಡಿಸುತ್ತಾರೆ. ನಾಲ್ಕು ಹೆಜ್ಜೆ ಓಡಿ ಒಬ್ಬ ನಿಂತು ಮೀನಖಂಡ ಒತ್ತಿಕೊಂಡನೆಂದರೆ ಬೇಲಿಯ ಉದ್ದಕ್ಕೂ ಮಾತು ನಿಲ್ಲುತ್ತಿತ್ತು.

ಮೈದಾನದಲ್ಲಿ ಹಳದಿ ಶಂಕುಗಳನ್ನಿಟ್ಟು ಓಣಿಗಳನ್ನು ಮಾಡಿದ್ದರು. ಒಂದು ಓಣಿಯಿಂದ ಇನ್ನೊಂದಕ್ಕೆ ಚೆಂಡು ಒದೆತದಲ್ಲಿ, ಗುದ್ದಿನಲ್ಲಿ, ಮತ್ತೆ ಒದೆತದಲ್ಲಿ ದಾಟುತ್ತಲೇ ಇರಬೇಕು, ನೆಲ ಮುಟ್ಟಬಾರದು. ಟಿವಿಯಲ್ಲಿ ಕೇಳದ ಸದ್ದುಗಳೆಲ್ಲ ಇಲ್ಲಿ ಕೇಳುತ್ತವೆ. ಸರಿಯಾಗಿ ಬಿದ್ದ ಒದೆತಕ್ಕೆ ಒಂದು ತುಂಬಿದ ಸದ್ದು ಇದೆ, ತಪ್ಪಿ ಬಿದ್ದದ್ದಕ್ಕೆ ಚಪ್ಪಟೆ ಸದ್ದು. ಅಜ್ಜಂದಿರು ನೋಡದೆಯೇ ಸದ್ದಿನಲ್ಲೇ ಮುಖ ಹಿಂಡುತ್ತಿದ್ದರು. ಆಟಗಾರರು ಒಂದೇ ಸಮನೆ ಕೂಗುತ್ತಿರುತ್ತಾರೆ, ಹೆಸರುಗಳನ್ನು, ದಿಕ್ಕುಗಳನ್ನು. ಪಂದ್ಯದಲ್ಲಿ ಜನರ ಗದ್ದಲದಡಿ ಹೂತುಹೋಗುವ ಮಾತು ಇದು. ಪ್ರತಿಯೊಬ್ಬನ ಬೆನ್ನಿನಲ್ಲೂ ಎರಡು ಭುಜದೆಲುಬುಗಳ ನಡುವೆ ಬೆಂಕಿಪೊಟ್ಟಣದಷ್ಟು ಉಬ್ಬು. ಅಂಗಿಯ ಕಿಸೆಯಲ್ಲಿ ಜಿಪಿಎಸ್ ಸಾಧನ. ಎಷ್ಟು ಓಡಿದ, ಎಷ್ಟು ವೇಗದಲ್ಲಿ, ಎಷ್ಟು ಸಲ ತಟ್ಟನೆ ನಿಂತ, ಎಲ್ಲ ಲೆಕ್ಕವೂ ಬದಿಯಲ್ಲಿ ಕೂತವರ ಕಂಪ್ಯೂಟರಿಗೆ ಹೋಗುತ್ತದೆ.

ನಾಯಕ ಮಾರ್ಕಸ್ ಬೊಂಟೆಂಪೆಲ್ಲಿಯನ್ನು ಅಲ್ಲೇ ಮೊದಲು ಹತ್ತಿರದಿಂದ ನೋಡಿದ್ದು. ಆರಡಿ ಮೀರಿದ ಎತ್ತರ, ಎಡಗಾಲಿನವನು. ಓಡುವಾಗ ಅವಸರವೇ ಕಾಣದು, ಆದರೂ ಎಲ್ಲರಿಗಿಂತ ಮೊದಲು ಅಲ್ಲಿರುತ್ತಾನೆ. ಸ್ಯಾಮ್ ಡಾರ್ಸಿ ಇನ್ನೂ ಎತ್ತರ, 208 ಸೆಂಟಿಮೀಟರ್. ಅವನ ಅಪ್ಪ ಲೂಕ್, ಅಜ್ಜ ಡೇವಿಡ್ ಇಬ್ಬರೂ ಇದೇ ತಂಡಕ್ಕೆ ಆಡಿದವರು. ಟಾಮ್ ಲಿಬರಟೋರೆಯ ಅಪ್ಪ ಟೋನಿ 1990ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದವನು. ನೂರು ಪಂದ್ಯ ಆಡಿದವನ ಮಗನನ್ನು ಅಪ್ಪನ ಕ್ಲಬ್ಬೇ ತೆಗೆದುಕೊಳ್ಳಲು ಅಲ್ಲೊಂದು ನಿಯಮವಿದೆ. ವೃತ್ತಿಪರ ಕ್ರೀಡೆಯಲ್ಲಿ ಇದೊಂದು ಮನೆತನದ ಕೋಣೆ ಉಳಿದುಕೊಂಡಿದೆ. ನ್ಯಾಯವೋ ಅನ್ಯಾಯವೋ, ನನಗಂತೂ ಹಿಡಿಸಿತು.

ಹಾಗೆ ನೋಡುತ್ತಿರುವಾಗ ಒಂದು ಚೆಂಡು ಬೇಲಿ ಹಾರಿ ನನ್ನ ಕಾಲ ಬಳಿ ಬಂದು ಬಿತ್ತು. ಎತ್ತಿಕೊಂಡೆ. ಕೆಂಪು ತೊಗಲು, ನಾಲ್ಕು ಹೋಳು ಸೇರಿಸಿ ಹೊಲಿದದ್ದು. ಒಂದು ಬದಿಗೆ ಬಿಳಿ ದಾರದ ಹೆಣಿಗೆ. ಬೆವರೂ ಇಬ್ಬನಿಯೂ ಕುಡಿದು ತೊಗಲು ಸ್ವಲ್ಪ ಅಂಟಂಟಾಗಿತ್ತು, ಹುಲ್ಲಿನ ಎಸಳುಗಳು ಮೆತ್ತಿದ್ದವು. ಅಂದುಕೊಂಡದ್ದಕ್ಕಿಂತ ಗಟ್ಟಿ. ಎರಡೂ ಚೂಪು ತುದಿಯ ಹತ್ತಿರ ಬಣ್ಣ ಮಾಸಿ ತೊಗಲಿನ ಕಂದು ಇಣುಕುತ್ತಿತ್ತು. ಬೇಲಿಯಾಚೆ ಕೈಚಾಚಿ ನಿಂತಿದ್ದ ಹುಡುಗನಿಗೆ ಹದಿನೆಂಟು ಇರಬಹುದು, ನವೆಂಬರಿನ ಡ್ರಾಫ್ಟ್‌ನಲ್ಲಿ ಹೊಸದಾಗಿ ಆಯ್ಕೆಯಾದವರಲ್ಲಿ ಒಬ್ಬ. ಮೊಡವೆ ಇನ್ನೂ ಆರಿರಲಿಲ್ಲ. ನಾನು ಎಸೆಯಲು ಕೈ ಎತ್ತಿದ್ದೇ ಅಳಿಯ ಕಿತ್ತುಕೊಂಡು ಅಂಗೈ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಕಳಿಸಿದ. "ಎಸೀಬಾರ್ದು ಮಾವ!" ಹುಡುಗ ಅವನಿಗೆ ಹೆಬ್ಬೆರಳು ತೋರಿಸಿ ಓಡಿದ. ಆ ಹೆಬ್ಬೆರಳಿನ ಕಥೆಯನ್ನು ವೆರಿಬಿ ತಲುಪುವವರೆಗೂ ಕೇಳಬೇಕಾಯಿತು.

ಕರಾವಳಿಯವನಿಗೆ ಇದೆಲ್ಲ ನೋಡುವಾಗ ಕುದಿ ನೆನಪಾಗದೆ ಇರದು. ಕಂಬಳಕ್ಕೆ ಮುಂಚೆ ಕೋಣಗಳನ್ನು ಕೆಸರಿನ ಕರೆಗೆ ಇಳಿಸಿ ಓಡಿಸಿ ಪಳಗಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬಹುಮಾನವಿಲ್ಲ, ನಿಶಾನೆಯಿಲ್ಲ. ಆದರೂ ಬೆಳಗ್ಗೆ ಬೆಳಗ್ಗೆ ಜನ ಬಂದು ಬದುವಿನ ಮೇಲೆ ಕೂರುತ್ತಾರೆ. ಹೋದ ವರ್ಷ ಮುಗ್ಗರಿಸಿದ ಕೋಣದ ಕಾಲು ಈಗ ಹೇಗಿದೆ, ಹೊಸ ಜೋಡಿ ಕೂಡಿಕೊಂಡಿದೆಯೋ, ಹುರುಳಿ ತಿಂದು ಮೈ ಹಿಡಿದಿದೆಯೋ ಬರೀ ಕೊಬ್ಬೋ ಎಂದು ಪಟ್ಟಾಗಿ ನೋಡುತ್ತಾರೆ. ನಾನು ವಿಟನ್ ಓವಲಿನಲ್ಲಿದ್ದಾಗ ಊರಲ್ಲಿ ಕಂಬಳದ ಹಂಗಾಮು ನಡೆಯುತ್ತಿತ್ತು. ನಮ್ಮ ಪಕ್ಕದ ಮಿಯ್ಯಾರಿನ ಕಂಬಳ ತಪ್ಪಿಹೋಯಿತಲ್ಲ ಎಂಬ ಬೇಸರ ಒಳಗೆ ಇದ್ದೇ ಇತ್ತು. ಆ ಬೇಲಿಯ ಬಳಿ ಅದು ಎಷ್ಟೋ ತಗ್ಗಿತು. ಒಂದು ಕಸಿವಿಸಿಯೂ ಹತ್ತಿತು. ಹತ್ತೊಂಬತ್ತರ ಹುಡುಗನ ತೊಡೆಯ ಸ್ನಾಯುವಿನ ಬಗ್ಗೆ ಅಷ್ಟು ಜನ ಅಷ್ಟು ಸಲೀಸಾಗಿ ಮಾತಾಡುವುದು ನನಗೆ ಪೂರ್ತಿ ಸರಿಬರಲಿಲ್ಲ. ಕೋಣಕ್ಕೆ ಆ ಮಾತು ಅರ್ಥವಾಗುವುದಿಲ್ಲ. ಹುಡುಗನಿಗೆ ಆಗುತ್ತದೆ, ಬೇಲಿ ಹತ್ತೇ ಅಡಿ ದೂರ.

ನೋಟ್‌ಬುಕ್ಕಿನಾಕೆಯೇ ಮೊದಲು ಮಾತಾಡಿಸಿದ್ದು. ಎಪ್ಪತ್ತರ ಆಸುಪಾಸು. ಹುಟ್ಟಿದ್ದು ಅಲ್ಲೇ ಎರಡು ಬೀದಿಯಾಚೆ. ಡಬ್ಬಿ ತೆರೆದು ಆ್ಯನ್‌ಜಾಕ್ ಬಿಸ್ಕತ್ತು ಕೊಟ್ಟಳು. ಓಟ್ಸ್, ಸಕ್ಕರೆ ಪಾಕ, ಬೆಣ್ಣೆ, ಅದರ ಜೊತೆ ತೆಂಗಿನತುರಿ. ತೆಂಗಿನ ರುಚಿ ಹತ್ತಿದ್ದೇ ನಾನು ಎರಡನೆಯದಕ್ಕೆ ಕೈ ಹಾಕಿದ್ದನ್ನು ಅವಳು ಗಮನಿಸಿ ಡಬ್ಬಿಯನ್ನೇ ನನ್ನ ಕಡೆ ಸರಿಸಿದಳು. 1989ರ ಕಥೆ ಹೇಳಿದ್ದೂ ಅವಳೇ. ಆ ವರ್ಷದ ಅಕ್ಟೋಬರಿನಲ್ಲಿ ಸಾಲದಲ್ಲಿ ಮುಳುಗಿದ್ದ ಫುಟ್‌ಸ್ಕ್ರೇ (ಬುಲ್‌ಡಾಗ್ಸ್‌ಗೆ ಆಗ ಅದೇ ಹೆಸರು) ತಂಡವನ್ನು ಫಿಟ್ಜ್‌ರಾಯ್ ಎಂಬ ಇನ್ನೊಂದು ಬಡ ತಂಡದೊಂದಿಗೆ ಸೇರಿಸಿಬಿಡುವುದೆಂದು ಲೀಗಿನವರು ತೀರ್ಮಾನಿಸಿದರು. ಐರೀನ್ ಚಾಟ್‌ಫೀಲ್ಡ್ ಎಂಬ ಸಾಧಾರಣ ಅಭಿಮಾನಿಯ ಹೆಸರಿನಲ್ಲಿ ದಾವೆ ಹೂಡಿ ತಡೆ ತಂದರು. ಪೀಟರ್ ಗಾರ್ಡನ್ ಎಂಬ ವಕೀಲ ಮುಂದೆ ನಿಂತ. ಕೆಲವೇ ವಾರಗಳ ಗಡುವು. ಜನ ಡಬ್ಬಿ ಹಿಡಿದು ಬೀದಿಗಿಳಿದರು, ರೈಲು ನಿಲ್ದಾಣಗಳಲ್ಲಿ, ಹೆಂಡದಂಗಡಿಗಳ ಬಾಗಿಲಲ್ಲಿ ನಿಂತರು. ಈಕೆಯೂ ಡಬ್ಬಿ ಕುಲುಕಿದವಳು. "ಮಕ್ಕಳು ಕಿಸೆಖರ್ಚಿನ ಚಿಲ್ಲರೆ ಹಾಕುತ್ತಿದ್ದರು. ಎದುರು ತಂಡದವರೂ ಹಾಕಿದರು, ಅದನ್ನು ನಾನು ಮರೆತಿಲ್ಲ" ಎಂದಳು. ತಂಡ ಉಳಿಯಿತು. ಫಿಟ್ಜ್‌ರಾಯ್ ಉಳಿಯಲಿಲ್ಲ. 1996ರ ಕೊನೆಗೆ ಅದನ್ನು ಬ್ರಿಸ್ಬೇನಿನ ತಂಡದೊಂದಿಗೆ ಕೂಡಿಸಿದರು.

ಇದನ್ನು ಕೇಳಿದ ಮೇಲೆ ಆ ಬೇಲಿಯ ಜನ ನನಗೆ ಬೇರೆಯಾಗಿಯೇ ಕಂಡರು. ತಾಲೀಮು ನೋಡಲು ಬರುವುದು ಹೊತ್ತು ಹೋಗದ್ದಕ್ಕಲ್ಲ. ಒಮ್ಮೆ ಕೈತಪ್ಪಿ ಹೋಗುವುದರಲ್ಲಿದ್ದ ಆಸ್ತಿಯನ್ನು ದಿನಾ ಒಂದು ಸುತ್ತು ನೋಡಿ ಬರುವ ಅಭ್ಯಾಸ ಅದು.

ಅವಳ ಪಕ್ಕದ ಅಜ್ಜ ಹೆಚ್ಚು ಮಾತಿನವನಲ್ಲ. 1954ರಲ್ಲಿ ತಂಡ ಮೊದಲ ಸಲ ಚಾಂಪಿಯನ್ ಆದಾಗ ಅವನು ಶಾಲೆಯ ಹುಡುಗ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನಂತೆ. ಆಗಿನ ಆಟಗಾರರು ಹಗಲು ಕೆಲಸಕ್ಕೆ ಹೋಗಿ ಸಂಜೆ ತಾಲೀಮಿಗೆ ಬರುತ್ತಿದ್ದವರು. ಮುಂದಿನ ಗೆಲುವಿಗೆ 62 ವರ್ಷ ಕಾಯಬೇಕಾಯಿತು. 2016ರಲ್ಲಿ ಏಳನೇ ಸ್ಥಾನದಿಂದ ಫೈನಲ್ಸ್‌ಗೆ ಬಂದ ತಂಡ ಸಿಡ್ನಿಯನ್ನು 22 ಅಂಕಗಳಿಂದ ಸೋಲಿಸಿತು. ನಾಯಕ ಬಾಬ್ ಮರ್ಫಿ ಆ ವರ್ಷ ಮೂರನೇ ಸುತ್ತಿನಲ್ಲೇ ಮೊಣಕಾಲಿಗೆ ಗಾಯ ಮಾಡಿಕೊಂಡು ಹೊರಗೆ ಕೂತಿದ್ದ. ಕೋಚ್ ಲೂಕ್ ಬೆವರಿಜ್ ಅವನನ್ನು ವೇದಿಕೆಗೆ ಕರೆದು ತನಗೆ ಬಂದ ಪದಕವನ್ನೇ ಅವನ ಕೊರಳಿಗೆ ಹಾಕಿದ. ಈ ದೃಶ್ಯದ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ. ಅಜ್ಜನಿಗೆ ಹೇಳಿದೆ. ಅವನು ಮೈದಾನದಿಂದ ಕಣ್ಣು ಕೀಳದೆ, "ನಾನು ಇನ್ನೂ ಪೂರ್ತಿ ನೋಡಿಲ್ಲ. ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ" ಎಂದ. ಬೆವರಿಜ್ ಅಲ್ಲೇ ನಮ್ಮ ಮುಂದೆ ಟೋಪಿ ಹಾಕಿಕೊಂಡು ಕೈಕಟ್ಟಿ ನಿಂತಿದ್ದ. 2016ರ ಗೆಲುವಿನಲ್ಲಿದ್ದ ಜಾಕ್ ಮಕ್ರೇ, ಕೇಲಬ್ ಡೇನಿಯಲ್ ಇಬ್ಬರೂ ಕೆಲವೇ ತಿಂಗಳ ಹಿಂದೆ ಬೇರೆ ತಂಡಗಳಿಗೆ ಹೋಗಿದ್ದರು. ಅವರ ಹೆಸರು ಬಂದಾಗ ಅಜ್ಜ ನಿಟ್ಟುಸಿರುಬಿಟ್ಟ. ಜೀಲಾಂಗ್ ಸೇರಿದ ಬೈಲಿ ಸ್ಮಿತ್‌ನ ಮಾತೆತ್ತಿದಾಗ ಮಾತ್ರ ಥರ್ಮಾಸಿನ ಮುಚ್ಚಳ ತಿರುಗಿಸುವುದರಲ್ಲಿ ಮಗ್ನನಾದ.

ಒಂದು ವಿಚಿತ್ರ ನೋಡಿ. 1858ರ ಜುಲೈಯಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಪತ್ರಿಕೆಗೆ ಬರೆದ ಪತ್ರದಿಂದ ಈ ಆಟದ ಇತಿಹಾಸ ಹೇಳಲು ತೊಡಗುತ್ತಾರೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ಬು ಬೇಕು ಎಂಬುದು ಅವನ ವಾದ. ಮರುವರ್ಷ ಮೆಲ್ಬರ್ನ್ ಕ್ಲಬ್ಬು ನಿಯಮಗಳನ್ನು ಬರೆಯಿತು. ಅಂದರೆ ಇದು ಹುಟ್ಟಿದ್ದೇ ಇನ್ನೊಂದು ಆಟದ ತಾಲೀಮಾಗಿ. ಈಗ ಕ್ರಿಕೆಟ್ಟಿನ ಬೇಸಿಗೆಯಲ್ಲೇ ಇದರದೇ ತಾಲೀಮು, ಅದನ್ನು ನೋಡಲೂ ಜನ.

ಮೆಲ್ಬರ್ನಿನ ಬೇಸಿಗೆಯನ್ನು ನಂಬುವಂತಿಲ್ಲ. ಒಂದು ಬೆಳಗ್ಗೆ ಉತ್ತರದ ಗಾಳಿ ಬೀಸುತ್ತಿತ್ತು. ಮರುಭೂಮಿಯ ಕಡೆಯಿಂದ ಬರುವ ಆ ಗಾಳಿ ಒಲೆಯ ಬಾಯಿ ತೆರೆದಂತೆ ಮುಖಕ್ಕೆ ಹೊಡೆಯುತ್ತದೆ. ನಮ್ಮದು ಬೆವರಿಳಿಸುವ ಸೆಕೆ, ಅದು ಬೆವರನ್ನು ಹುಟ್ಟುವ ಮೊದಲೇ ಕುಡಿದುಬಿಡುವ ಸೆಕೆ. ತುಟಿ ಒಡೆಯಿತು. ಆಟಗಾರರಿಗೆ ಐಸ್ ತುಂಬಿದ ಟವೆಲ್ಲುಗಳನ್ನು ಕೊರಳಿಗೆ ಹಾಕುತ್ತಿದ್ದರು. ಆ ಗಾಳಿಯಲ್ಲಿ ಒದ್ದ ಚೆಂಡುಗಳೆಲ್ಲ ಒಂದೇ ಕಡೆ ವಾಲುತ್ತಿದ್ದವು. ಗಾಳಿಗೆ ಮೊದಲಿನಿಂದಲೂ ಹೆಸರಾದ ಮೈದಾನವಂತೆ ಅದು. ಮಧ್ಯಾಹ್ನ ದಾಟಿ ನೈಋತ್ಯದಿಂದ ಗಾಳಿ ತಿರುಗಿತು. ಗಂಟೆಯೊಳಗೆ ಸ್ವೆಟರ್ ಬೇಕಾಯಿತು. ತಂಗಿ ಬೆಳಗ್ಗೆ ಚೀಲಕ್ಕೆ ತುರುಕಿದ್ದ ಸ್ವೆಟರನ್ನು ಕಂಡು ನಕ್ಕಿದ್ದೆ.

ತಾಲೀಮು ಮುಗಿದ ಮೇಲೆ ಆಟಗಾರರು ಬೇಲಿಯ ಬಳಿ ಬಂದು ಮಕ್ಕಳ ಟೋಪಿಗಳಿಗೆ ಸಹಿ ಹಾಕುತ್ತಾರೆ. ಅಳಿಯ ಸಾಲಿನಲ್ಲಿ ನಿಂತಾಗ ಸುತ್ತ ನೋಡಿದೆ. ಎರಡು ಬೀದಿಯಾಚೆ ಅಷ್ಟು ಭಾರತೀಯರಿದ್ದರೂ ಬೇಲಿಗೊರಗಿದ್ದವರಲ್ಲಿ ನಮ್ಮವರು ಬೆರಳೆಣಿಕೆಯಷ್ಟು, ಅವರೂ ಮಕ್ಕಳ ಒತ್ತಾಯಕ್ಕೆ ಬಂದವರು. ತಂಗಿಗೂ ಈ ಆಟದ ಬಗ್ಗೆ ಭಯ. ಮಗ ಶಾಲೆಯ ತಂಡದಲ್ಲಿ ಆಡುವುದು ಅವಳಿಗೆ ಅಷ್ಟಕ್ಕಷ್ಟೆ. "ಕ್ರಿಕೆಟ್ಟಾದರೆ ಸಾಕಿತ್ತು ಅಣ್ಣ, ಮೊಣಕಾಲಾದರೂ ಉಳಿಯುತ್ತಿತ್ತು" ಎನ್ನುತ್ತಾಳೆ. ಮರ್ಫಿಯ ಕಥೆ ಅವಳಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು.

ಊಟಕ್ಕೆ ನಿಲ್ದಾಣದ ಬಳಿಯ ಒಂದು ಇಥಿಯೋಪಿಯನ್ ಹೋಟೆಲಿಗೆ ಹೋದೆವು. ಅಗಲ ತಟ್ಟೆಯಲ್ಲಿ ಬೂದುಬಣ್ಣದ, ಮೈತುಂಬ ಕಣ್ಣುಗಳಿರುವ ಹುಳಿ ಇಂಜೆರಾ. ಅದರ ಮೇಲೆ ಅಲ್ಲಲ್ಲಿ ಗುಡ್ಡೆ ಹಾಕಿದ ಕಡಲೆಹಿಟ್ಟಿನ ಶಿರೋ, ಬೇಳೆ, ಸೊಪ್ಪು. ಇಬ್ಬರೂ ಒಂದೇ ತಟ್ಟೆಯಿಂದ ಮುರಿದು ತಿಂದೆವು. ಕೈಯಲ್ಲಿ ತಿನ್ನುವುದಕ್ಕೆ ಯಾರ ಮುಖವನ್ನೂ ನೋಡಬೇಕಿಲ್ಲದ ಊಟ ಪರದೇಶದಲ್ಲಿ ಸಿಕ್ಕರೆ ಅದರ ಸುಖವೇ ಬೇರೆ. ಗಲ್ಲಾಪೆಟ್ಟಿಗೆಯ ಹಿಂದೆ ಬುಲ್‌ಡಾಗ್ಸ್‌ನ ಕೆಂಪು ಬಿಳಿ ನೀಲಿ ಶಾಲು ನೇತಾಡುತ್ತಿತ್ತು. ಈ ಸಲ ಹೇಗೆ ಎಂದು ಹೋಟೆಲಿನಾತ ಅಳಿಯನನ್ನು ಕೇಳಿದ. ಇಬ್ಬರೂ ಗಂಭೀರವಾಗಿ ಚರ್ಚೆಗಿಳಿದರು. ಡಾರ್ಸಿ ಹೀಗೆ ಬೆಳೆದರೆ, ನಾಯಕ ಹೀಗೇ ಓಡಿದರೆ, ಗಾಯಗಳು ದೂರವಿದ್ದರೆ. ಜನವರಿಯಲ್ಲಿ 18 ತಂಡಗಳೂ ಒಂದೂ ಪಂದ್ಯ ಸೋತಿರುವುದಿಲ್ಲ.

ಆಮೇಲಿನದನ್ನು ಜಗಲಿಯಲ್ಲೇ ಕೂತು ನೋಡಿದೆ. ಫೆಬ್ರವರಿಯಲ್ಲಿ ಬೊಂಟೆಂಪೆಲ್ಲಿಯ ಮೀನಖಂಡಕ್ಕೆ ಪೆಟ್ಟಾಗಿ ಮೊದಲ ಸುತ್ತುಗಳಿಗೆ ಅವನಿಲ್ಲ. ಏಪ್ರಿಲ್‌ನಲ್ಲಿ ಡಾರ್ಸಿಯ ಮೊಣಕಾಲು. ಇಷ್ಟಾದರೂ ತಂಡ 23 ಪಂದ್ಯಗಳಲ್ಲಿ 14 ಗೆದ್ದಿತು. ಫೈನಲ್ಸ್‌ಗೆ ಆಗ ಹೋಗುತ್ತಿದ್ದುದು ಮೊದಲ 8 ತಂಡಗಳು, ಬುಲ್‌ಡಾಗ್ಸ್ ಒಂಬತ್ತನೆಯದಾಯಿತು. ಕೊನೆಯ ಸುತ್ತಿನಲ್ಲಿ ಫ್ರೀಮ್ಯಾಂಟಲ್ ಎದುರು ಗೆದ್ದಿದ್ದರೆ ಸಾಕಿತ್ತು, ಸೋತರು. ಅಳಿಯ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಅವನೇ ಮಾಡಿ, ನವೆಂಬರಿನಲ್ಲಿ ತಾಲೀಮು ಶುರುವಾಗುತ್ತದೆ, ಮೊದಲು ಹೊಸ ಹುಡುಗರು ಬರುತ್ತಾರೆ, ಆಮೇಲೆ ಹಿರಿಯರು ಎಂದು ವಿವರಿಸಿದ.

ನಿಮ್ಮಲ್ಲಿ ಯಾರಾದರೂ ಬೇಸಿಗೆಯಲ್ಲಿ ಮೆಲ್ಬರ್ನಿನ ಮಕ್ಕಳ ಮನೆಗೆ ಹೋಗುವವರಿದ್ದರೆ ಒಂದು ಬೆಳಗ್ಗೆ ಫುಟ್‌ಸ್ಕ್ರೇಗೆ ಹೋಗಿಬನ್ನಿ. ಯಾವ ದಿನದ ತಾಲೀಮು ಸಾರ್ವಜನಿಕರಿಗೆ ತೆರೆದಿದೆ ಎಂದು ಕ್ಲಬ್ಬೇ ತಿಳಿಸುತ್ತದೆ. ಟೋಪಿ ಇರಲಿ, ನೀರು ಇರಲಿ, ಸ್ವೆಟರೂ ಇರಲಿ. ಚೆಂಡು ನಿಮ್ಮ ಕಡೆ ಬಂದರೆ ಎಸೆಯಬೇಡಿ, ಗುದ್ದಿ ಕಳಿಸಿ.